ಲೈಟ್ ಬೋರ್ಡ್ ಆನ್ ಆಗ್ತಿಲ್ವಾ? ಮೊದಲು ಆ ಪೆನ್‌ಡ್ರೈವ್ ತೆಗೀರಿ

ಇವತ್ತಿನ ವಿಷಯ ಕೇಳಿದ ತಕ್ಷಣ ಕೆಲವರು ಸ್ಕಿಪ್ ಬಟನ್ ಹುಡುಕಬಹುದು. ಲೈಟಿಂಗ್ ಕನ್ಸೋಲ್ ಆನ್ ಆಗದೇ ಹೋದ್ರೆ ಏನು ಮಾಡೋದು, ಅದೂ ಹಿಂದೆ ಪೆನ್‌ಡ್ರೈವೋ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕೋ ಸಿಕ್ಕಿಸಿದ್ದಾಗ. ನೀವು ಆ ಲೈನ್‌ನಲ್ಲಿ ಇಲ್ದೇ ಇದ್ರೂ ಸ್ವಲ್ಪ ಕೇಳಿ. ಯಾಕಂದ್ರೆ ಇದೇ ಕಾಯಿಲೆ ನಿಮ್ಮ ಮನೆಯ ಹಳೇ ಡೆಸ್ಕ್‌ಟಾಪ್‌ಗೂ ಬರತ್ತೆ, ಬಿಲ್ಲಿಂಗ್ ಕೌಂಟರ್‌ನ ಕಂಪ್ಯೂಟರ್‌ಗೂ ಬರತ್ತೆ.

ವಿಷಯ ಬಂದಿದ್ದು ಒಬ್ಬ ಕೇಳುಗನಿಂದ. ಹೆಸರು ಬೇಡ ಅಂದಿದಾನೆ. ಆರ್ಕೆಸ್ಟ್ರಾ, ಕಾಲೇಜ್ ಫೆಸ್ಟ್, ಊರ ಜಾತ್ರೆಯ ನಾಟಕ, ಯಾವುದು ಸಿಕ್ಕಿದ್ರೂ ಹೋಗಿ ಲೈಟ್ ಆಪರೇಟ್ ಮಾಡೋ ಹುಡುಗ. ಒಂದು ಶೋಗೆ ಇಷ್ಟು ಅಂತ ದುಡ್ಡು. ಬೋರ್ಡು ಅವನದಲ್ಲ, ಬಾಡಿಗೆಗೆ ಕೊಡೋ ಒಬ್ಬ ಓನರ್‌ದು. ಎರಡು ವರ್ಷದಿಂದ ಅದೇ ಬೋರ್ಡು, ಹಿಂದೆ ಸದಾ ಸಿಕ್ಕಿಸಿರೋ ಅದೇ ಹಾರ್ಡ್ ಡಿಸ್ಕ್. ಒಂದು ಸಂಜೆ ಆನ್ ಮಾಡಿದ್ರೆ ಕಪ್ಪು ಸ್ಕ್ರೀನ್. ಎಡಗಡೆ ಮೇಲೆ ಒಂದು ಸಣ್ಣ ಗೆರೆ ಮಿಣುಕು ಮಿಣುಕು ಅಂತ ಹೊಡ್ಕೊಳ್ತಿದೆ ಅಷ್ಟೇ. ಆಫ್ ಮಾಡಿದ, ಆನ್ ಮಾಡಿದ, ನಾಕು ಸಲ. ಅದೇ ಗೆರೆ. ಕೊನೆಗೆ ನಾಲ್ಕು ಪಾರ್ ಕ್ಯಾನ್‌ಗಳಿಗೆ ಡೈರೆಕ್ಟ್ ಕರೆಂಟ್ ಕೊಟ್ಟು ಶೋ ಮುಗಿಸಿದಾರೆ. ಮಾರನೇ ದಿನ ಓನರ್ ಫೋನು: 'ಏನೇನೋ ಹಾರ್ಡ್ ಡಿಸ್ಕ್ ಚುಚ್ಚಿ ಮದರ್‌ಬೋರ್ಡ್ ಸುಟ್ಟಿದೀಯ, ನಿನ್ನ ಬಾಕಿ ಪೇಮೆಂಟ್ ಮರೆತುಬಿಡು, ಮೇಲೆ ರಿಪೇರಿ ಖರ್ಚೂ ಕೊಡು.' ಹುಡುಗ ನಂಗೆ ಮೂರು ನಿಮಿಷದ ವಾಯ್ಸ್ ನೋಟ್ ಕಳಿಸಿದ. ಕೊನೇಲಿ ಒಂದೇ ಪ್ರಶ್ನೆ: 'ಬ್ರೋ, ಒಂದು ಹಾರ್ಡ್ ಡಿಸ್ಕಿಂದ ಕನ್ಸೋಲ್ ಸುಟ್ಟೋಗತ್ತಾ?'

ಉತ್ತರ ಆಮೇಲೆ ಹೇಳ್ತೀನಿ ಅಂತ ಎಳೆಯಲ್ಲ. ಅವನು ಹೇಳಿದ ಆ ಮಿಣುಕೋ ಗೆರೇನೇ ಉತ್ತರ. ಮದರ್‌ಬೋರ್ಡ್ ಸುಟ್ಟಿದ್ರೆ ಆ ಗೆರೆ ಯಾರು ತೋರಿಸ್ತಾರೆ? ಪ್ರೊಸೆಸರ್ ಓಡ್ತಿದೆ, ಮೆಮೊರಿ ಸರಿ ಇದೆ, ಡಿಸ್‌ಪ್ಲೇ ಸರಿ ಇದೆ, ಅದಕ್ಕೇ ಗೆರೆ ಬಂದಿದೆ. ಮಿಷನ್ ಎದ್ದಿದೆ, ಆದರೆ ಯಾವ ಬಾಗಿಲಿಂದ ಒಳಗೆ ಹೋಗಬೇಕು ಅಂತ ಗೊತ್ತಾಗ್ದೆ ನಿಂತಿದೆ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ಮೊದಲು ಒಂದು ಗುಟ್ಟು ಒಪ್ಕೋಬೇಕು. ಇವತ್ತಿನ ದೊಡ್ಡ ಲೈಟಿಂಗ್ ಕನ್ಸೋಲ್ ಅಂದ್ರೆ ಫೇಡರ್ ಮತ್ತೆ ಬಟನ್ ಅಂಟಿಸಿರೋ ಕಂಪ್ಯೂಟರ್. ಅಮೆರಿಕದ ಇಟಿಸಿ ಕಂಪನಿಯ ಇಯಾಸ್ ಸರಣಿ, ಲಂಡನ್ನಿನ ಅವೊಲೈಟ್ಸ್‌ನ ಟೈಟನ್ ಬೋರ್ಡ್‌ಗಳು, ಇವುಗಳ ಹೊಟ್ಟೇಲಿ ಇರೋದು ವಿಂಡೋಸ್‌ನ ಒಂದು ಎಂಬೆಡೆಡ್ ಆವೃತ್ತಿ. ಜರ್ಮನಿಯ ಗ್ರ್ಯಾಂಡ್‌ಎಂಎ2 ಓಡೋದು ಲಿನಕ್ಸ್ ಮೇಲೆ. ಹೊರಗಡೆ ಕವಚ ನೋಡಿದ್ರೆ ವಿಮಾನದ ಕಾಕ್‌ಪಿಟ್ ಥರ ಇರತ್ತೆ, ಒಳಗಡೆ ಮದರ್‌ಬೋರ್ಡ್, ರ‍್ಯಾಮ್, ಒಂದು ಡ್ರೈವು. ಹಾಗಾಗಿ ಕಂಪ್ಯೂಟರ್‌ಗೆ ಬರೋ ನೆಗಡಿ ಕೆಮ್ಮು ಎಲ್ಲಾ ಇದಕ್ಕೂ ಬರತ್ತೆ. (ಚೀನಾದ ಸಣ್ಣ ಡಿಎಂಎಕ್ಸ್ ಬೋರ್ಡ್‌ಗಳ ಕಥೆ ಬೇರೆ. ಅವುಗಳಲ್ಲಿ ಇಷ್ಟೆಲ್ಲಾ ಇರಲ್ಲ, ಸ್ವಿಚ್ ಹಾಕಿದ ತಕ್ಷಣ ಎದ್ದೇಳತ್ತೆ. ಅದಕ್ಕೇ ಎಷ್ಟೋ ಹಳೇ ಆಪರೇಟರ್‌ಗಳು ಒಂದು ಸಣ್ಣ ಬೋರ್ಡನ್ನ ಟ್ರಂಕ್‌ನಲ್ಲಿ ಇಟ್ಕೊಂಡೇ ಇರ್ತಾರೆ. ಒಳ್ಳೇ ಅಭ್ಯಾಸ.)

ಕನ್ಸೋಲ್‌ಗೆ ಕಂಪ್ಯೂಟರ್ ಸೇರಿದ್ದು ನಿನ್ನೆ ಮೊನ್ನೆ ಅಲ್ಲ. 1975ರಲ್ಲಿ ಬ್ರಾಡ್‌ವೇಗೆ ಬಂದ 'ಎ ಕೋರಸ್ ಲೈನ್' ಅನ್ನೋ ಮ್ಯೂಸಿಕಲ್‌ಗೆ ಥ್ಯಾರನ್ ಮಸ್ಸರ್ ಅನ್ನೋ ಡಿಸೈನರ್ ಮೆಮೊರಿ ಇರೋ ಬೋರ್ಡ್ ತಂದಿದ್ರು. ಬ್ರಾಡ್‌ವೇಯಲ್ಲಿ ಕಂಪ್ಯೂಟರ್ ಬೋರ್ಡಿನಿಂದ ಲೈಟ್ ಓಡಿಸಿದ ಮೊದಲ ನಾಟಕ ಅದು. ಅದಕ್ಕೂ ಮುಂಚೆ ಕೈಯಲ್ಲಿ ಲಿವರ್ ಎಳೀಬೇಕಿತ್ತು, ಪ್ರತಿ ಕ್ಯೂಗೂ. ಆಮೇಲೆ ಶೋ ಸೇವ್ ಮಾಡೋಕೆ ಫ್ಲಾಪಿ ಬಂತು. ಫ್ಲಾಪಿ ನೋಡಿರೋ ಅಣ್ಣ ಅಕ್ಕಂದಿರನ್ನ ಕೇಳಿ ನೋಡಿ, ಫ್ಲಾಪಿ ಒಳಗೇ ಬಿಟ್ಟು ಕಂಪ್ಯೂಟರ್ ಆನ್ ಮಾಡಿದ್ರೆ 'ನಾನ್-ಸಿಸ್ಟಮ್ ಡಿಸ್ಕ್' ಅಂತ ಬೈದು ನಿಂತುಬಿಡ್ತಿತ್ತು. ಫ್ಲಾಪಿ ತೆಗೆದು ಒಂದು ಕೀ ಒತ್ತಿದ್ರೆ ಸರಿ ಹೋಗ್ತಿತ್ತು. ನಮ್ಮ ಹುಡುಗನ ಬೋರ್ಡ್‌ಗೆ ಆಗಿದ್ದೂ ಅದೇ ಕಾಯಿಲೆ. ಫ್ಲಾಪಿ ಜಾಗದಲ್ಲಿ ಹಾರ್ಡ್ ಡಿಸ್ಕ್ ಬಂದಿದೆ, ಬೈಯ್ಯೋ ಬದಲು ಗೆರೆ ಮಿಣುಕಿಸ್ತಿದೆ.

ಸರಿ, ಒಳಗೆ ಏನಾಗತ್ತೆ ನೋಡೋಣ. ಪವರ್ ಒತ್ತಿದ ತಕ್ಷಣ ವಿಂಡೋಸ್ ಬರಲ್ಲ. ಮೊದಲು ಎದ್ದೇಳೋದು ಬಯೋಸ್ ಅನ್ನೋ ಚಿಕ್ಕ ಪ್ರೋಗ್ರಾಂ. ಅದು ಹಾಜರಿ ಕರೆಯತ್ತೆ: ಮೆಮೊರಿ ಇದೀಯಾ, ಡಿಸ್‌ಪ್ಲೇ ಇದೀಯಾ, ಡ್ರೈವ್‌ಗಳು ಯಾವ್ಯಾವು ಇವೆ. ಆಮೇಲೆ ಒಂದು ಪಟ್ಟಿ ನೋಡತ್ತೆ. ಅದಕ್ಕೆ ಬೂಟ್ ಆರ್ಡರ್ ಅಂತಾರೆ, ಯಾವ ಡ್ರೈವಿನಿಂದ ಮೊದಲು ಶುರು ಮಾಡಬೇಕು ಅನ್ನೋ ಸರದಿ. ಪಟ್ಟೀಲಿ ಒಳಗಿನ ಡ್ರೈವ್ ಮೊದಲಿದ್ರೆ ಹೊರಗಡೆ ಏನು ಸಿಕ್ಕಿಸಿದ್ರೂ ತೊಂದ್ರೆ ಇಲ್ಲ. ಯುಎಸ್‌ಬಿ ಮೊದಲಿದ್ರೆ, ಬಯೋಸ್ ಹೋಗಿ ನಿಮ್ಮ ಪೆನ್‌ಡ್ರೈವಿನ ಬಾಗಿಲು ತಟ್ಟತ್ತೆ.

ಇಲ್ಲೊಂದು ಮಜಾ ಇದೆ. 'ನನ್ನ ಪೆನ್‌ಡ್ರೈವಲ್ಲಿ ವಿಂಡೋಸ್ ಇಲ್ವಲ್ಲ, ಬರೀ ಶೋ ಫೈಲ್ ಇದೆ, ಅದರಿಂದ ಹೇಗೆ ಬೂಟ್ ಆಗತ್ತೆ' ಅಂತ ಕೇಳಬಹುದು. ಹಳೇ ಶೈಲಿಯ ಬಯೋಸ್ ಡ್ರೈವಿನ ಮೊದಲ 512 ಬೈಟ್ ಮಾತ್ರ ಓದತ್ತೆ. ಅದರ ಕೊನೆಯ ಎರಡು ಬೈಟ್‌ಗಳಲ್ಲಿ ಒಂದು ಗುರುತು ಇದ್ರೆ ಸಾಕು, ಇದು ಬೂಟ್ ಆಗೋ ಡ್ರೈವ್ ಅಂತ ನಂಬಿಬಿಡತ್ತೆ. ಆದರೆ ಆ ಗುರುತು ಮಾಮೂಲಿಯಾಗಿ ಫಾರ್ಮ್ಯಾಟ್ ಮಾಡಿರೋ ಪೆನ್‌ಡ್ರೈವ್‌ಗಳಲ್ಲೂ ಇರತ್ತೆ. ಬಯೋಸ್ ನಂಬಿ ಅಲ್ಲಿಗೆ ಜಿಗಿಯತ್ತೆ, ಅಲ್ಲಿ ನೋಡಿದ್ರೆ ಏನೂ ಇಲ್ಲ. ಆಗ ಒಂದೋ 'ಡಿಸ್ಕ್ ತೆಗೀರಿ' ಅಂತ ಸಂದೇಶ ಬರತ್ತೆ, ಇಲ್ಲಾ ಮಿಣುಕೋ ಗೆರೆ. ಡಿಎಂಎಕ್ಸ್‌ನಲ್ಲೂ 512 ಚಾನೆಲ್, ಇಲ್ಲೂ 512 ಬೈಟ್. ಎರಡಕ್ಕೂ ಸಂಬಂಧ ಇಲ್ಲ, ಸುಮ್ನೆ ಕಣ್ಣಿಗೆ ಬಿತ್ತು, ಹೇಳಿದೆ.

ಈಗ ಮುಖ್ಯ ಪ್ರಶ್ನೆ. ಎರಡು ವರ್ಷ ಅದೇ ಹಾರ್ಡ್ ಡಿಸ್ಕ್ ಹಾಕಿಯೇ ಆನ್ ಮಾಡಿದಾನಲ್ಲ, ಅವತ್ತೇ ಯಾಕೆ ಕೈ ಕೊಡ್ತು? ಓನರ್ ವಾದದಲ್ಲಿ ಇದ್ದ ಬಲ ಇದೊಂದೇ: 'ಇಷ್ಟು ದಿನ ಇಲ್ಲದ್ದು ಇವತ್ತು ಅಂದ್ರೆ ನೀನೇ ಏನೋ ಮಾಡಿದೀಯ.'

ನಾನು ಆ ಹುಡುಗನಿಗೆ ಒಂದೇ ಕೆಲಸ ಹೇಳಿದೆ. ಓನರ್ ಹತ್ರ ಹೋಗು, ಜಗಳ ಮಾಡಬೇಡ. ಬೋರ್ಡಿನ ಹಿಂದೆ ಇರೋದೆಲ್ಲ ತೆಗಿ, ಆನ್ ಮಾಡು, ಬಂದ್ರೆ ಮೊದಲು ಸ್ಕ್ರೀನಲ್ಲಿ ತಾರೀಖು ನೋಡು, ಫೋಟೋ ತೆಗಿ. ಬೋರ್ಡ್ ಬಂತು. ಸುಟ್ಟಿದೆ ಅಂತ ಹೇಳಿದ್ದ ಬೋರ್ಡು, ಯಾವ ರಿಪೇರಿನೂ ಇಲ್ದೆ ಬಂತು. ತಾರೀಖು ಮಾತ್ರ ಎಷ್ಟೋ ವರ್ಷ ಹಿಂದಿನ ಜನವರಿ 1.

ಇದರ ಅರ್ಥ ಏನು? ಮದರ್‌ಬೋರ್ಡ್ ಮೇಲೆ ಒಂದು ನಾಣ್ಯದ ಗಾತ್ರದ ಸೆಲ್ ಇರತ್ತೆ, ಸಾಮಾನ್ಯವಾಗಿ ಸಿಆರ್2032, 3 ವೋಲ್ಟ್. ಮಿಷನ್ ಪ್ಲಗ್ ತೆಗೆದಿಟ್ಟಾಗ ಗಡಿಯಾರ ಓಡಿಸೋದು ಅದೇ. ಹಳೇ ಬೋರ್ಡ್‌ಗಳಲ್ಲಿ ಬಯೋಸ್ ಸೆಟ್ಟಿಂಗ್ ನೆನಪಿಟ್ಟುಕೊಳ್ಳೋದೂ ಅದರ ಬಲದಿಂದಲೇ. ಕೆಲವು ವರ್ಷಕ್ಕೆ ಅದು ಸಾಯತ್ತೆ. ಸತ್ತಾಗ ಬಯೋಸ್ ತನ್ನ ಫ್ಯಾಕ್ಟರಿ ಸೆಟ್ಟಿಂಗ್‌ಗೆ ವಾಪಸ್ ಹೋಗತ್ತೆ. ಕನ್ಸೋಲ್ ತಯಾರಿಸಿದವರು 'ಒಳಗಿನ ಡ್ರೈವ್ ಮೊದಲು' ಅಂತ ಬರೆದಿಟ್ಟಿದ್ದು ಅಳಿಸಿಹೋಗಿ, ಮದರ್‌ಬೋರ್ಡ್ ಮಾಡಿದ ಕಂಪನಿಯ ಮೂಲ ಸರದಿ ಬರತ್ತೆ. ಎಷ್ಟೋ ಬೋರ್ಡ್‌ಗಳಲ್ಲಿ ಆ ಸರದೀಲಿ ಯುಎಸ್‌ಬಿ ಮುಂದೆ ಇರತ್ತೆ. ಅಷ್ಟೇ ಕಥೆ. ಹಾರ್ಡ್ ಡಿಸ್ಕ್ ಎರಡು ವರ್ಷ ಇದ್ದ ಜಾಗದಲ್ಲೇ ಇತ್ತು, ಒಳಗೆ ಸರದಿ ಬದಲಾಯ್ತು. ಗಡಿಯಾರದ ಅಂಗಡೀಲಿ ಸಿಗೋ ಸೆಲ್ ಅದು, ಬೈಕ್ ಕೀ ರಿಮೋಟ್‌ಗೂ ಅದನ್ನೇ ಹಾಕ್ತಾರೆ.

ಬಾಡಿಗೆ ಬೋರ್ಡ್‌ಗಳಲ್ಲಿ ಇದು ಜಾಸ್ತಿ ನಡೆಯೋಕೆ ಕಾರಣನೂ ಇದೆ. ಆಫೀಸ್ ಕಂಪ್ಯೂಟರ್ ಪ್ಲಗ್‌ನಲ್ಲೇ ಇರತ್ತೆ, ಸೆಲ್ ಮೇಲೆ ಭಾರ ಇಲ್ಲ. ಬಾಡಿಗೆ ಬೋರ್ಡು ಸೀಸನ್ ಮುಗಿದ ಮೇಲೆ ತಿಂಗಳುಗಟ್ಟಲೆ ಗೋಡೌನ್‌ನಲ್ಲಿ ಫ್ಲೈಟ್ ಕೇಸ್ ಒಳಗೆ ಮಲಗಿರತ್ತೆ. ಅಷ್ಟೂ ದಿನ ಸೆಲ್ಲೇ ದುಡೀಬೇಕು.

ಇನ್ನೊಂದು ಎಚ್ಚರಿಕೆ. ಸೆಲ್ ಬದಲಾಯಿಸೋದು, ಬಯೋಸ್ ಸರಿ ಮಾಡೋದು ಆಪರೇಟರ್ ಕೆಲಸ ಅಲ್ಲ, ಬೋರ್ಡ್ ಯಾರದೋ ಅವರ ಕೆಲಸ. ಬಯೋಸ್ ಒಳಗೆ ಹೋಗಿ ಕಂಡಿದ್ದೆಲ್ಲಾ ಒತ್ತೋದಂತೂ ಬೇಡವೇ ಬೇಡ. ಉದಾಹರಣೆಗೆ ಡ್ರೈವ್ ಹೇಗೆ ಮಾತಾಡಬೇಕು ಅನ್ನೋ ಒಂದು ಸೆಟ್ಟಿಂಗ್ ಇರತ್ತೆ, ಐಡಿಇ ಅಥವಾ ಎಹೆಚ್‌ಸಿಐ ಅಂತ. ಅದನ್ನ ತಪ್ಪಾಗಿ ತಿರುಗಿಸಿದ್ರೆ ಡ್ರೈವ್ ಚೆನ್ನಾಗೇ ಇದ್ರೂ ವಿಂಡೋಸ್ ನೀಲಿ ಸ್ಕ್ರೀನ್ ಕೊಟ್ಟು ಬಿದ್ದುಹೋಗಬಹುದು. ಏನೇ ಮುಟ್ಟೋ ಮೊದಲು ಪ್ರತಿ ಪುಟದ ಫೋಟೋ ತಗೊಳ್ಳಿ. ಫೋನ್ ಇರೋದು ರೀಲ್ಸ್‌ಗೆ ಮಾತ್ರ ಅಲ್ವಲ್ಲ.

ಸರಿ, ಈಗ ನೀವು ಸ್ಟೇಜ್ ಹತ್ರ ಇದೀರ ಅನ್ಕೊಳ್ಳಿ. ಏಳು ಗಂಟೆಗೆ ಶೋ, ಆರೂವರೆ ಆಗಿದೆ, ಬೋರ್ಡ್ ಬರ್ತಿಲ್ಲ. ಆರ್ಗನೈಸರ್ ಭುಜದ ಮೇಲೆ ನಿಂತು 'ಏನಾಯ್ತು, ಏನಾಯ್ತು' ಅಂತಿದಾರೆ. ಎಷ್ಟೋ ಜನ ಒಂದೊಂದೇ ಕೇಬಲ್ ತೆಗೆದು ನೋಡ್ತಾರೆ. ಅದು ಮನೇಲಿ ಕೂತು ಕಾರಣ ಹುಡುಕೋ ವಿಧಾನ. ಶೋಗೆ ಅರ್ಧ ಗಂಟೆ ಇರುವಾಗ ಅದು ಬೇಡ. ಎಲ್ಲಾ ಒಟ್ಟಿಗೆ ತೆಗೀರಿ. ಪೆನ್‌ಡ್ರೈವ್, ಹಾರ್ಡ್ ಡಿಸ್ಕ್, ಯುಎಸ್‌ಬಿ ಹಬ್, ಫೇಡರ್ ವಿಂಗ್, ಎಕ್ಸ್‌ಟ್ರಾ ಟಚ್ ಸ್ಕ್ರೀನು, ಆ ಬಗ್ಗೋ ಯುಎಸ್‌ಬಿ ಲೈಟು, ಎಲ್ಲಾ. ಮತ್ತೆ ದಯವಿಟ್ಟು, ಚಾರ್ಜಿಗೆ ಹಾಕಿರೋ ಮೊಬೈಲು. ಕನ್ಸೋಲ್ ಅಂದ್ರೆ ಚಾರ್ಜಿಂಗ್ ಪಾಯಿಂಟ್ ಅನ್ನೋ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ಇಂಟರ್ನೆಟ್ ಡಾಂಗಲ್ ಇದ್ರೆ ಅದೂ ತೆಗೀರಿ, ಕೆಲವು ಡಾಂಗಲ್‌ಗಳು ಸಿಕ್ಕಿಸಿದ ತಕ್ಷಣ ತಾವು ಸಿಡಿ ಡ್ರೈವ್ ಅಂತ ಹೇಳ್ಕೊಳ್ತವೆ.

ಆಮೇಲೆ ಪವರ್ ಬಟನ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ, ಹಿಂದಿನ ಮೇನ್ ಕೇಬಲ್ ತೆಗೆದು ಅರ್ಧ ನಿಮಿಷ ಬಿಡಿ. ಈ ಅರ್ಧ ನಿಮಿಷ ಯಾರಿಗೂ ತಾಳ್ಮೆ ಇರಲ್ಲ, ಆದರೆ ಬಿಡಿ. ಮತ್ತೆ ಹಾಕಿ, ಆನ್ ಮಾಡಿ, ಕೈ ಕಟ್ಟಿಕೊಂಡು ನಿಂತ್ಕೊಳ್ಳಿ. ಕೆಲವು ಹಳೇ ಬೋರ್ಡ್‌ಗಳು ಪೂರ್ತಿ ಎದ್ದೇಳೋಕೆ ಎರಡು ಮೂರು ನಿಮಿಷ ತಗೊಳ್ತವೆ. ಮಧ್ಯದಲ್ಲಿ ಗಾಬರಿಯಾಗಿ ಮತ್ತೆ ಆಫ್ ಮಾಡಿದ್ರೆ ಇಲ್ಲದ ಕಾಯಿಲೆ ತಂದುಕೊಂಡ ಹಾಗೆ.

ಬಂತಾ? ಬಂದ್ರೆ ಕನ್ಸೋಲ್ ಸಾಫ್ಟ್‌ವೇರ್ ಪೂರ್ತಿ ತೆರೆದ ಮೇಲೆ ಪೆನ್‌ಡ್ರೈವ್ ಹಾಕಿ, ಶೋ ಫೈಲನ್ನ ಒಳಗಿನ ಡ್ರೈವಿಗೆ ಸೇವ್ ಮಾಡ್ಕೊಳ್ಳಿ, ಪೆನ್‌ಡ್ರೈವ್ ತೆಗೆದು ಜೇಬಿಗೆ ಹಾಕ್ಕೊಳ್ಳಿ. ಶೋ ಮುಗಿಯೋವರೆಗೆ ಬೋರ್ಡ್ ಆಫ್ ಮಾಡಬೇಡಿ. ಕಾರಣ ನಾಳೆ ಹುಡುಕೋಣ.

ಬರಲಿಲ್ವಾ? ಹಾಗಾದ್ರೆ ಬೋರ್ಡ್ ಎಲ್ಲಿ ನಿಂತಿದೆ ಅಂತ ನೋಡಿ. ಫ್ಯಾನ್ ಸದ್ದೂ ಇಲ್ಲ, ಒಂದು ದೀಪವೂ ಇಲ್ಲ ಅಂದ್ರೆ ಕರೆಂಟಿನ ವಿಷಯ: ಕೇಬಲ್, ಫ್ಯೂಸ್, ಜನರೇಟರ್. ಫ್ಯಾನ್ ಓಡ್ತಿದೆ, ಕಂಪನಿ ಲೋಗೋ ಬಂದು ಅಲ್ಲೇ ನಿಂತಿದೆ ಅಂದ್ರೆ ತೊಂದ್ರೆ ಒಳಗಿನ ಡ್ರೈವಲ್ಲೋ ವಿಂಡೋಸಲ್ಲೋ ಇರಬಹುದು. ಈ ಎರಡಕ್ಕೂ ಪೆನ್‌ಡ್ರೈವನ್ನ ಬೈದು ಪ್ರಯೋಜನ ಇಲ್ಲ. ಇಟಿಸಿ ಬೋರ್ಡ್ ಆದ್ರೆ ಶುರುವಾಗೋವಾಗ ಒಂದು ಕಾನ್ಫಿಗರೇಷನ್ ಪುಟಕ್ಕೆ ಹೋಗೋ ದಾರಿ ಇರತ್ತೆ. ಅಲ್ಲಿವರೆಗೆ ಬಂದ್ರೆ ಅರ್ಧ ಗೆದ್ದಿದೀರ.

ಪವರ್ ವಿಷಯಾನೂ ಹೇಳ್ಬೇಕು. ಬೂಟ್ ಆರ್ಡರ್ ಸರಿ ಇದ್ರೂ ಹಾರ್ಡ್ ಡಿಸ್ಕ್ ತೊಂದ್ರೆ ಕೊಡೋ ಇನ್ನೊಂದು ದಾರಿ ಅದು. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡೋದು 500 ಮಿಲಿಆಂಪ್, 3.0 ಆದ್ರೆ 900. ಒಳಗೆ ತಿರುಗೋ ತಟ್ಟೆ ಇರೋ ಹಾರ್ಡ್ ಡಿಸ್ಕ್ ಶುರುವಾಗೋ ಕ್ಷಣದಲ್ಲಿ ಜಾಸ್ತಿ ಎಳೆಯತ್ತೆ, ಆಟೋ ಸ್ಟಾರ್ಟ್ ಮಾಡುವಾಗ ಹೆಡ್‌ಲೈಟ್ ಡಿಮ್ ಆಗಲ್ವಾ, ಹಾಗೆ. ಹಳೇ ಬೋರ್ಡಿನ ಪೋರ್ಟು ತಾಳಲ್ಲ. ಡ್ರೈವ್ ಟಕ್ ಟಕ್ ಅನ್ನತ್ತೆ, ಬಯೋಸ್ ಅದರ ಉತ್ತರಕ್ಕೆ ಕಾಯ್ತಾ ಕೂತಿರತ್ತೆ. ಅದಕ್ಕೆ 'ಹಬ್ ಹಾಕಿದ್ರೆ ಆಯ್ತು, ಅದಕ್ಕೆ ಬೇರೆ ಅಡಾಪ್ಟರ್ ಇದೆಯಲ್ಲ' ಅಂತ ಅಗ್ಗದ ಹಬ್ ತರ್ತಾರೆ. ಅಂಥ ಕೆಲವು ಹಬ್‌ಗಳು 5 ವೋಲ್ಟನ್ನ ಉಲ್ಟಾ ಬೋರ್ಡ್ ಕಡೆಗೇ ತಳ್ತವೆ. ಬೋರ್ಡ್ ಆಫ್ ಮಾಡಿದ್ರೂ ಎಲ್ಲೋ ಒಂದು ದೀಪ ಉರೀತಾ ಇರತ್ತೆ, ಪೂರ್ತಿ ಸಾಯಲ್ಲ, ಪೂರ್ತಿ ಹುಟ್ಟಲ್ಲ. ನಿಜವಾದ ಹಾನಿ ಆಗೋ ಸಾಧ್ಯತೆ ಇರೋದು ಇಂಥ ಕಡೆ. ಆ ಹುಡುಗನ ಹತ್ರ ಹಬ್ ಇರಲಿಲ್ಲ, ಅದನ್ನ ಮೊದಲೇ ಕೇಳಿದ್ದೆ.

ನನ್ನ ಅಭಿಪ್ರಾಯ ಕೇಳಿದ್ರೆ, ಶೋ ಫೈಲಿಗೆ ಹಾರ್ಡ್ ಡಿಸ್ಕೇ ಬೇಡ. ಶೋ ಫೈಲ್ ಸಾಮಾನ್ಯವಾಗಿ ಕೆಲವೇ ಎಂಬಿ. 8 ಅಥವಾ 16 ಜಿಬಿಯ ಎರಡು ಪೆನ್‌ಡ್ರೈವ್ ಸಾಕು, ಎರಡರಲ್ಲೂ ಅದೇ ಫೈಲು. ದೊಡ್ಡದು ತಗೊಂಡ್ರೆ ಇನ್ನೊಂದು ತಲೆನೋವು: 64 ಜಿಬಿ ಪೆನ್‌ಡ್ರೈವ್ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಫಾರ್ಮ್ಯಾಟಲ್ಲಿ ಬರತ್ತೆ, ಗ್ರ್ಯಾಂಡ್‌ಎಂಎ2 ಥರದ ಬೋರ್ಡ್‌ಗೆ ಫ್ಯಾಟ್32 ಬೇಕು. ಬೋರ್ಡ್ ಚೆನ್ನಾಗಿ ಆನ್ ಆಗತ್ತೆ, ಪೆನ್‌ಡ್ರೈವ್ ಮಾತ್ರ ಕಾಣಲ್ಲ. ಹಾಗೇ ಹೊಸ ಸಾಫ್ಟ್‌ವೇರ್ ಆವೃತ್ತೀಲಿ ಸೇವ್ ಮಾಡಿದ ಫೈಲ್ ಹಳೇ ಆವೃತ್ತಿ ಇರೋ ಬೋರ್ಡಲ್ಲಿ ತೆರೆಯಲ್ಲ. ಮನೇಲಿ ಲ್ಯಾಪ್‌ಟಾಪಲ್ಲಿ ಪ್ರೋಗ್ರಾಂ ಮಾಡ್ಕೊಂಡು ಹೋಗೋರು ಆ ಊರಿನ ಬೋರ್ಡಲ್ಲಿ ಯಾವ ಆವೃತ್ತಿ ಇದೆ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿ.

ಇನ್ನು ನಿಜವಾಗ್ಲೂ ಭಯಪಡಬೇಕಾದ ಪೆನ್‌ಡ್ರೈವ್ ಒಂದಿದೆ. ರಿಕವರಿ ಸ್ಟಿಕ್. ಬೋರ್ಡಿನ ಸಾಫ್ಟ್‌ವೇರ್ ಪೂರ್ತಿ ಹಾಳಾದಾಗ ಮೊದಲಿನಿಂದ ತುಂಬೋಕೆ ಅಂತ ಇರೋದು. ಅದು ಬೂಟ್ ಆಗೋಕೇ ಹುಟ್ಟಿದ ಪೆನ್‌ಡ್ರೈವ್. ಯಾರೋ ಸರ್ವಿಸ್ ಮಾಡಿ ಅದನ್ನ ಹಿಂದೇನೇ ಬಿಟ್ಟಿರ್ತಾರೆ. ನೀವು ಆನ್ ಮಾಡ್ತೀರ, ವಿಂಡೋಸ್ ಬದಲು ಬೇರೆ ಯಾವುದೋ ಪುಟ ಬಂದು 'ಮುಂದುವರಿಯಲೇ' ಅಂತ ಕೇಳತ್ತೆ. ಗಡಿಬಿಡೀಲಿ ಯಾರೋ ಎಂಟರ್ ಒತ್ತಿದ್ರೆ ಒಳಗಿದ್ದ ಶೋ ಫೈಲ್‌ಗಳೆಲ್ಲ ಅಳಿಸಿಹೋಗಬಹುದು. ಪೆನ್‌ಡ್ರೈವ್ ಸಿಕ್ಕಿಸಿದ್ದಕ್ಕೆ ಬರೋ ಬೇರೆ ಎಲ್ಲಾ ತೊಂದ್ರೆಗೂ ಪೆನ್‌ಡ್ರೈವ್ ತೆಗೆದ್ರೆ ಪರಿಹಾರ ಇದೆ, ಇದಕ್ಕೆ ಇಲ್ಲ. ಹಾಗಾಗಿ ಆ ಸ್ಟಿಕ್‌ಗೆ ಕೆಂಪು ಟೇಪ್ ಸುತ್ತಿ, ಬೋರ್ಡಿನ ಕೇಸಲ್ಲೂ ಇಡಬೇಡಿ. ಬೋರ್ಡ್ ಬರ್ತಿಲ್ಲ ಅಂತ ಶೋ ದಿನ ರಿಕವರಿ ಮಾಡೋಕೆ ಹೋಗೋದು, ತಲೆನೋವಿಗೆ ತಲೆ ತೆಗೆದ ಹಾಗೆ.

ಈಗ ದುಡ್ಡಿನ ವಿಷಯ. ನಾನು ಓದಿದ್ದು ಬಿಕಾಂ, ಹಾಗಾಗಿ ಈ ಭಾಗ ಬಿಡೋಕೆ ಮನಸ್ಸಿಲ್ಲ. ಬಾಡಿಗೆಗೆ ಕೊಡೋ ಮಿಷನ್‌ನಲ್ಲಿ ಸವೆಯೋ ಭಾಗ ಸವೆಯತ್ತೆ. ಸೆಲ್ಲು, ಫ್ಯಾನು, ಫೇಡರ್ರು. ಆ ಖರ್ಚು ಬಾಡಿಗೆ ಒಳಗೇ ಸೇರಿರಬೇಕು, ಅದಕ್ಕೇ ಬಾಡಿಗೆ ಅನ್ನೋದು. ಕೊನೇಲಿ ಮುಟ್ಟಿದವನ ತಲೆಗೆ ಕಟ್ಟೋದು ಲೆಕ್ಕ ಅಲ್ಲ. ಆದರೆ ಬಾಯಿ ಮಾತಲ್ಲಿ ನಡೆಯೋ ವ್ಯವಹಾರದಲ್ಲಿ ಇದನ್ನ ಹೇಳೋಕೆ ಏನಾದ್ರೂ ಕೈಲಿ ಇರಬೇಕು. ಬೋರ್ಡ್ ತಗೊಳ್ಳುವಾಗ ಓನರ್ ಮುಂದೆನೇ ಒಂದು ಸಲ ಆನ್ ಮಾಡಿಸಿ, ಹಿಂದೆ ಏನೂ ಇಲ್ದೆ ಒಂದು ಸಲ, ಪೆನ್‌ಡ್ರೈವ್ ಹಾಕಿ ಒಂದು ಸಲ. ತಾರೀಖು ಕಾಣೋ ಹಾಗೆ ಒಂದು ಫೋಟೋ, ವಾಟ್ಸಾಪಲ್ಲಿ ಅವರಿಗೇ ಕಳಿಸಿ. ವಾಪಸ್ ಕೊಡುವಾಗ ಇನ್ನೊಂದು. 'ಸುಟ್ಟಿದೆ' ಅಂದ್ರೆ ಯಾವ ಭಾಗ ಸುಟ್ಟಿದೆ, ಯಾರು ನೋಡಿದ್ರು, ಎಷ್ಟು ಬಿಲ್ಲು ಅಂತ ಬರೆದು ಕೊಡೋಕೆ ಕೇಳಿ. ಮರ್ಯಾದೆಯಿಂದಲೇ ಕೇಳಿ, ನಾಳೆ ಮತ್ತೆ ಅವರ ಹತ್ರನೇ ಬೋರ್ಡ್ ಬೇಕಾಗತ್ತೆ.

ನಮ್ಮ ಹುಡುಗನ ಕಥೆ ಎಲ್ಲಿಗೆ ಬಂತು ಅಂದ್ರೆ, ಸೆಲ್ ಬದಲಾಯ್ತು. ಓನರ್ ಕಡೆಯ ಟೆಕ್ನಿಷಿಯನ್ನೇ ಬಯೋಸಲ್ಲಿ ಒಳಗಿನ ಡ್ರೈವನ್ನ ಮೊದಲಿಗೆ ತಂದು, ಅದೇ ಹಾರ್ಡ್ ಡಿಸ್ಕ್ ಸಿಕ್ಕಿಸಿ ಐದು ಸಲ ಆನ್ ಮಾಡಿ ನೋಡಿದಾರೆ. ಐದೂ ಸಲ ಬಂದಿದೆ. ರಿಪೇರಿ ಖರ್ಚಿನ ಮಾತು ಈಗ ನಿಂತಿದೆ. ಹಳೇ ಬಾಕಿ ಪೇಮೆಂಟ್ ಇನ್ನೂ ಬಂದಿಲ್ಲ, 'ಸೀಸನ್ ಶುರುವಾಗ್ಲಿ, ನೋಡೋಣ' ಅಂದಿದಾರಂತೆ. ಬಂದ್ರೆ ಮುಂದಿನ ಎಪಿಸೋಡಲ್ಲಿ ಹೇಳ್ತೀನಿ, ಬರದೇ ಇದ್ರೂ ಹೇಳ್ತೀನಿ.